ಕಾಣದವರ ಕಣ್ಣು

ಕುರುಕ್ಷೇತ್ರದ ಹದಿನೆಂಟು ದಿನಗಳ ಯುದ್ಧದಲ್ಲಿ ಬಿಲ್ಲು ಹಿಡಿದು ಹೆಸರಾದವರು ಅನೇಕರು. ಮಾತಿನಿಂದಲೇ ಹೆಸರಾದವನು ಸಂಜಯ. ಹುಟ್ಟುಕುರುಡನಾದ ಅರಸನ ಮುಂದೆ ಕುಳಿತು ರಣರಂಗವನ್ನು ಕಣ್ಣಿಗೆ ಕಟ್ಟುವಂತೆ ಹೇಳುವ ಹೊಣೆ ಅವನದಾಗಿತ್ತು. ಇಂದಿನ ಮಾತಿನಲ್ಲಿ ಅದೇ ವೀಕ್ಷಕ ವಿವರಣೆ. ವ್ಯಾಸರು ಅವನಿಗೆ ದಿವ್ಯದೃಷ್ಟಿಯನ್ನು ಅನುಗ್ರಹಿಸಿದರೆಂಬುದನ್ನು ಎಲ್ಲರೂ ಬಲ್ಲರು; ಆ ದೃಷ್ಟಿಯನ್ನು ಅವನು ಬಳಸಿದ ರೀತಿಯನ್ನು ಗಮನಿಸಿದವರು ಕಡಿಮೆ. ಭೀಷ್ಮಪರ್ವದಲ್ಲಿ ಸಂಜಯನು ಯುದ್ಧದ ಕಥೆಯನ್ನು ಮೊದಲ ದಿನದಿಂದ ತೊಡಗುವುದಿಲ್ಲ. ಭೀಷ್ಮರು ಬಿದ್ದರೆಂಬ ಹತ್ತನೆಯ ದಿನದ ವಾರ್ತೆಯನ್ನೇ ಮೊದಲು ಹೇಳಿಬಿಡುತ್ತಾನೆ. ಅರಸನು ಮರುಗಿ, ಅದು ಹೇಗಾಯಿತೆಂದು ಕೇಳಿದ ಮೇಲೆಯೇ ವ್ಯೂಹ, ಶಂಖನಾದ, ಬಾಣಗಳ ವಿವರ.

ಇನ್ನೊಂದು ಸಂಗತಿಯೂ ಉಂಟು. ಸಂಜಯನು ಉಂಡ ಉಪ್ಪು ಕೌರವರ ಮನೆಯದು. ಕೇಳುತ್ತಿದ್ದವನು ದುರ್ಯೋಧನನ ತಂದೆ; ಮಗನೇ ಗೆಲ್ಲಲೆಂದು ಒಳಗೊಳಗೇ ಹಂಬಲಿಸುತ್ತಿದ್ದವನು. ಆದರೂ ಸಂಜಯನು ಪಾಂಡವರ ಪರಾಕ್ರಮವನ್ನು ಕಿರಿದು ಮಾಡಲಿಲ್ಲ. ಅರಸನ ಮಕ್ಕಳು ಒಬ್ಬೊಬ್ಬರಾಗಿ ಮಡಿದುದನ್ನು ಮರೆಸಲಿಲ್ಲ. ಸುಳ್ಳು ಹೇಳಿದ್ದರೆ ಹಿಡಿಯುವವರು ಯಾರಿದ್ದರು? ಕಾಣಲಾರದವನು ತನ್ನ ಕಣ್ಣನ್ನು ಮತ್ತೊಬ್ಬನ ನಾಲಗೆಗೆ ಒಪ್ಪಿಸಿರುತ್ತಾನೆ. ಆ ಒಪ್ಪಿಗೆಗೆ ಎರಡು ಬಗೆಯದಿರುವುದೇ ಈ ಕಸುಬಿನ ಮೊದಲ ಧರ್ಮ, ಕಡೆಯ ಧರ್ಮವೂ ಅದೇ.

ಗೋವಿನಕೋವಿಯಂತಹ ಊರುಗಳಿರುವ ಹೊನ್ನಾಳಿ–ನ್ಯಾಮತಿ ಸೀಮೆಗೆ ಈ ಕಸುಬು ಅಪರಿಚಿತವಲ್ಲ. ದೀಪಾವಳಿ ಬಂದಿತೆಂದರೆ ಈ ಸೀಮೆಯಲ್ಲಿಯೂ ನೆರೆಯ ಶಿಕಾರಿಪುರ, ಹಾವೇರಿಗಳ ಕಡೆಯೂ ಹೋರಿ ಬೆದರಿಸುವ ಹಬ್ಬದ ಕಾಲ. ಕೊಬ್ಬರಿಯ ಹಾರ, ಗೆಜ್ಜೆ, ಬಣ್ಣದ ಜೂಲ, ಬಲೂನುಗಳಿಂದ ಸಿಂಗರಿಸಿದ ಹೋರಿಯನ್ನು ಜನರ ನಡುವಿನ ಓಣಿಯಲ್ಲಿ ಬಿಡುತ್ತಾರೆ. ಎರಡೂ ಮಗ್ಗುಲಲ್ಲಿ ನಿಂತ ತರುಣರು ಮೈಮೇಲೆ ಬಿದ್ದು ಕೊಬ್ಬರಿಯನ್ನು ಹರಿಯಲು ನೋಡುತ್ತಾರೆ. ಹರಿಯಗೊಡದೆ ಪಾರಾದರೆ ಹೋರಿಗೆ ಕೀರ್ತಿ, ಹರಿದರೆ ಹುಡುಗನಿಗೆ ಕೀರ್ತಿ. ಇದೆಲ್ಲ ನಡೆಯುವುದು ಕೆಲವೇ ಕ್ಷಣಗಳಲ್ಲಿ. ಓಣಿಯ ಆ ತುದಿಯಲ್ಲಿ ನಿಂತವನಿಗೆ ಈ ತುದಿಯಲ್ಲಿ ಏನು ಬಿಟ್ಟರೆಂಬುದು ಕಾಣದು. ಮಾಳಿಗೆಯ ಮೇಲೆ ಕುಳಿತ ಮುದುಕರಿಗೆ ಧೂಳಲ್ಲದೆ ಬೇರೇನೂ ಕಾಣದು.

ಆಗ ನೆರವಿಗೆ ಬರುವುದು ವೇದಿಕೆಯ ಮೇಲೆ ಧ್ವನಿವರ್ಧಕ ಹಿಡಿದವನ ಕಂಠ. ಬರುತ್ತಿರುವ ಹೋರಿಯ ಹೆಸರೇನು, ಊರು ಯಾವುದು ಎಂದು ಅವನು ಮೊದಲೇ ಕೂಗುತ್ತಾನೆ. ಹೆಸರು ಕಿವಿಗೆ ಬಿದ್ದ ಕೂಡಲೆ ಅಷ್ಟು ದೂರದವರೆಗೂ ಜನ ಸೆಟೆದು ನಿಲ್ಲುತ್ತಾರೆ. ವರ್ಷವಿಡೀ ಹಿಂಡಿ, ಹುರುಳಿ ತಿನ್ನಿಸಿ ಸಾಕಿದ ಒಡೆಯನಿಗೆ ಆ ಒಂದು ಕೂಗು ಬಹುಮಾನಕ್ಕಿಂತ ಹೆಚ್ಚಿನದು. ಹೋರಿ ಹಾದುಹೋದ ಮೇಲೆ ಕೊಬ್ಬರಿ ಹರಿಯಿತೋ ಉಳಿಯಿತೋ ಎಂಬುದನ್ನು ಹೇಳುವ ಮಾತಿನಲ್ಲಿ ತನ್ನೂರು, ಪರವೂರು ಎಂಬ ಭೇದ ಇಣುಕಿದರೆ ಜಗಳಕ್ಕೆ ಹೊತ್ತು ಬೇಕಿಲ್ಲ. ಇಲ್ಲಿ ಇನ್ನೊಂದು ಹೊಣೆಯೂ ಉಂಟು. ಇದು ಪ್ರಾಣಾಪಾಯದ ಆಟ. ತಿವಿತಕ್ಕೆ ಸಿಕ್ಕಿ ಸತ್ತವರೂ ಇದ್ದಾರೆ. ಓಣಿಯ ಅಂಚಿನಲ್ಲಿ ಮಗು ನಿಂತಿದೆ ಎಂಬುದು ಕಣ್ಣಿಗೆ ಬಿದ್ದ ಮೇಲೆ ವರ್ಣನೆ ಮುಂದುವರಿಸುವವನು ವಿವರಣೆಗಾರನಲ್ಲ. ಆ ಕ್ಷಣ ಅಲಂಕಾರವನ್ನೆಲ್ಲ ಬಿಟ್ಟು, ಬದಿಗೆ ಸರಿಯಿರೆಂದು ಹೇಳಬಲ್ಲವನಿಗೇ ಆ ಧ್ವನಿವರ್ಧಕ ಸಲ್ಲುತ್ತದೆ.

ಕಣ್ಣೆದುರಿನ ಓಣಿಗೇ ಇಷ್ಟು ಹೊಣೆಯಾದರೆ, ನೂರಾರು ಮೈಲಿಯಾಚೆಯ ಬಯಲನ್ನು ಮನೆಯೊಳಕ್ಕೆ ತರುವವನ ಹೊಣೆ ಎಷ್ಟಿರಬೇಡ! ಕನ್ನಡನಾಡಿಗೆ ಆ ಅನುಭವವನ್ನು ತಂದದ್ದು ಬಾನುಲಿ. ೧೯೩೫ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವೊಂದನ್ನು ತೆರೆದರು. ೧೯೫೦ರಲ್ಲಿ ಧಾರವಾಡ, ೧೯೬೫ರಲ್ಲಿ ಭದ್ರಾವತಿ ಕೇಂದ್ರಗಳು ಬಂದವು. ಹೊನ್ನಾಳಿ ಸೀಮೆಯವರಿಗೆ ಭದ್ರಾವತಿಯೆಂದರೆ ನೆರೆಮನೆಯ ದನಿ. ಮೈಸೂರಿನ ದಸರಾ ಮೆರವಣಿಗೆಯ ವೀಕ್ಷಕ ವಿವರಣೆಯನ್ನು ಕೇಳಿ, ಎಂದೂ ಮೈಸೂರಿಗೆ ಹೋಗದ ಅಜ್ಜಿಯರು ಅಂಬಾರಿ ಅರಮನೆಯ ಬಾಗಿಲು ದಾಟಿದ ಹೊತ್ತಿಗೆ ಸರಿಯಾಗಿ ಕೈಮುಗಿಯುತ್ತಿದ್ದ ಕಾಲ ಅದು.

ಅದೇ ಭದ್ರಾವತಿಯಲ್ಲಿ ೧೯೪೯ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ೧೯೬೯ರ ನವೆಂಬರಿನಲ್ಲಿ ಕಾನಪುರದಲ್ಲಿ ಆಸ್ಟ್ರೇಲಿಯಾದ ಎದುರು ಮೊದಲ ಟೆಸ್ಟ್ ಆಡಿದರು. ಮೊದಲ ಸರದಿಯಲ್ಲಿ ಸೊನ್ನೆ. ಎರಡನೆಯದರಲ್ಲಿ ೧೩೭ ಓಟ. ಬೆಂಗಳೂರಿಗೆ ದೂರದರ್ಶನ ಬಂದದ್ದು ೧೯೮೧ರಲ್ಲಿ. ಆದಕಾರಣ ಹುಟ್ಟೂರಿನವರು ಆ ೧೩೭ ಓಟಗಳಲ್ಲಿ ಒಂದನ್ನೂ ಕಣ್ಣಾರೆ ಕಾಣಲಿಲ್ಲ. ಬಾನುಲಿಯ ವಿವರಣೆ ಮತ್ತು ಮರುದಿನದ ಪತ್ರಿಕೆ, ಇವೆರಡೇ ಅವರಿಗಿದ್ದ ಕಣ್ಣುಗಳು. ಇಂಗ್ಲಿಷ್ ಬಾರದವರಿಗೆ ಮೇಷ್ಟರೋ ಕಾಲೇಜು ಓದುವ ಹುಡುಗನೋ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳಬೇಕಾಗಿತ್ತು. ಹೀಗೆ ಸಂಜಯನಿಗೊಬ್ಬ ಉಪಸಂಜಯ. ವಿಶ್ವನಾಥರ ‘ಸ್ಕ್ವೇರ್ ಕಟ್’ ಹೊಡೆತದ ಚೆಲುವನ್ನು ಆ ತಲೆಮಾರು ಕಿವಿಯಿಂದಲೇ ಕಂಡಿತು, ಕಂಡವರಿಗಿಂತ ಹೆಚ್ಚಿನ ನಿಷ್ಠೆಯಿಂದ ನೆನಪಿಟ್ಟುಕೊಂಡಿತು.

ಭಾರತದ ಬಾನುಲಿಯಲ್ಲಿ ಈ ಕಲೆಯ ಉನ್ನತಿಯನ್ನು ತೋರಿದ ದಿನ ಆಟದ ದಿನವಾಗಿರಲಿಲ್ಲ. ೧೯೪೮ರ ಜನವರಿ ೩೧ರಂದು ಗಾಂಧೀಜಿಯವರ ಅಂತಿಮಯಾತ್ರೆಯನ್ನು ಮೆಲ್ವಿಲ್ ಡಿ ಮೆಲೊ ಸುಮಾರು ಏಳು ಗಂಟೆಗಳ ಕಾಲ ವರ್ಣಿಸಿದರು. ನಾಡೇ ಅಳುತ್ತಿದ್ದಾಗ ಅಳದೆ ಹೇಳುವುದು ಸುಲಭವಲ್ಲ. ಅದನ್ನು ಕೇಳಿದ ಜಸದೇವ್ ಸಿಂಗ್ ಎಂಬ ಬಾಲಕ ತಾನೂ ವಿವರಣೆಗಾರನಾಗಬೇಕೆಂದು ಅಂದೇ ನಿಶ್ಚಯಿಸಿದನು. ೧೯೭೫ರಲ್ಲಿ ಕ್ವಾಲಾಲಂಪುರದಲ್ಲಿ ಭಾರತವು ಪಾಕಿಸ್ತಾನವನ್ನು ೨–೧ರಿಂದ ಸೋಲಿಸಿ ಹಾಕಿಯ ವಿಶ್ವಕಪ್ ಗೆದ್ದಾಗ, ದೇಶದ ಮನೆಮನೆಗೆ ಆ ಗೆಲುವನ್ನು ಮುಟ್ಟಿಸಿದ ಹಿಂದಿಯ ಕಂಠ ಆ ಜಸದೇವರದೇ.

ಇಷ್ಟಾದರೂ ನಮ್ಮಲ್ಲಿ ವಿವರಣೆಗಾರನು ಹಬ್ಬದ ಅತಿಥಿಯಂತೆ ವರ್ಷದಲ್ಲಿ ಕೆಲವು ದಿನ ಮಾತ್ರ ಮನೆಗೆ ಬರುತ್ತಿದ್ದವನು. ದಿನವೂ ಬರುವ ಬಂಧುವಾದರೆ ಅವನು ಹೇಗಿರಬೇಕೆಂದು ತಿಳಿಯಲು ಅಮೆರಿಕದ ಬೇಸ್‌ಬಾಲ್ ಆಟದ ಕಡೆಗೆ ನೋಡಬೇಕು. ದುಂಡು ದಾಂಡಿನಿಂದ ಚೆಂಡನ್ನು ಹೊಡೆದು, ನಾಲ್ಕು ನೆಲೆಗಳನ್ನು ಸುತ್ತಿ ಬಂದರೆ ಒಂದು ಓಟ. ಆಟಕ್ಕಿಂತ ಬಿಡುವೇ ಹೆಚ್ಚು. ಒಂದು ಎಸೆತಕ್ಕೂ ಮತ್ತೊಂದಕ್ಕೂ ನಡುವೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ಒಂದೊಂದು ತಂಡಕ್ಕೂ ವಸಂತದಿಂದ ಶರತ್ಕಾಲದವರೆಗೆ ೧೬೨ ಪಂದ್ಯಗಳು. ಎಂದರೆ ಆರು ತಿಂಗಳು ಹೆಚ್ಚುಕಡಿಮೆ ಪ್ರತಿದಿನವೂ ಅದೇ ಕಂಠ ಅಡುಗೆಮನೆಯಲ್ಲಿ, ಅಂಗಡಿಯಲ್ಲಿ, ಕಾರಿನಲ್ಲಿ ಕೇಳುತ್ತಿರಬೇಕು. ಅಷ್ಟು ದಿನ ಒಬ್ಬನ ಮಾತನ್ನು ಮನೆ ತಾಳಿಕೊಳ್ಳಬೇಕಾದರೆ ಬರಿಯ ವಾಕ್ಚಾತುರ್ಯ ಸಾಲದು. ಶೀಲವೂ ಬೇಕು.

ಈ ಆಟದ ಮೊದಲ ಬಾನುಲಿ ವಿವರಣೆ ೧೯೨೧ರ ಆಗಸ್ಟ್ ೫ರಂದು ಪಿಟ್ಸ್‌ಬರ್ಗ್ ನಗರದಿಂದ ಹೊರಟಿತು; ಹೇಳಿದವರು ಹ್ಯಾರಲ್ಡ್ ಆರ್ಲಿನ್. ಮುಂದೆ ಬಹಳ ಕಾಲ, ತಂಡವು ಪರವೂರಿಗೆ ಹೋದಾಗ ವಿವರಣೆಗಾರನು ಜೊತೆಗೆ ಹೋಗುತ್ತಿರಲಿಲ್ಲ. ತಂತಿಯಲ್ಲಿ ಬಂದ ಚುಟುಕು ಸುದ್ದಿಯನ್ನು ಕೊಠಡಿಯಲ್ಲಿ ಕುಳಿತು ಕಣ್ಣಾರೆ ಕಂಡಂತೆ ಹಿಗ್ಗಿಸಿ ಹೇಳುವ ಪದ್ಧತಿಯಿತ್ತು. ಮುಂದೆ ದೇಶದ ಅಧ್ಯಕ್ಷರೇ ಆದ ರೊನಾಲ್ಡ್ ರೇಗನ್ ೧೯೩೦ರ ದಶಕದಲ್ಲಿ ಅಯೋವಾ ಪ್ರಾಂತದ ಕೇಂದ್ರವೊಂದರಲ್ಲಿ ಈ ಕೆಲಸ ಮಾಡುತ್ತಿದ್ದರು. ಒಮ್ಮೆ ನಡುವೆ ತಂತಿ ಕೆಟ್ಟಿತಂತೆ. ಬೇಸ್‌ಬಾಲಿನಲ್ಲಿ ಗೆರೆಯಾಚೆಗೆ ಹೋದ ಹೊಡೆತ ಎಷ್ಟಾದರೂ ಬೀಳಬಹುದು, ಲೆಕ್ಕಕ್ಕೆ ಭಂಗವಿಲ್ಲ. ತಂತಿ ಸರಿಹೋಗುವವರೆಗೂ ರೇಗನ್ ದಾಂಡಿಗನಿಂದ ಚೆಂಡನ್ನು ಗೆರೆಯಾಚೆಗೇ ಹೊಡೆಸುತ್ತ ನಿಮಿಷಗಳನ್ನು ತಳ್ಳಿದರು. ಇದನ್ನು ಅವರೇ ಮುಂದೆ ನಗುತ್ತ ಹೇಳಿಕೊಳ್ಳುತ್ತಿದ್ದರು. ಕೇಳುವವರೂ ನಗುತ್ತಾರೆ. ಆದರೆ ಅಂದು ಬಾನುಲಿಯ ಬಳಿ ಉಸಿರು ಬಿಗಿಹಿಡಿದು ಕುಳಿತಿದ್ದವನಿಗೆ ಆ ಹೊಡೆತಗಳೆಲ್ಲ ನಿಜವಾಗಿದ್ದವು. ಕಾಣದವನನ್ನು ವಂಚಿಸುವುದು ಎಷ್ಟು ಸುಲಭವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬೇರೆ ದಾರಿಯಲ್ಲಿ ನಡೆದವರು ನ್ಯೂಯಾರ್ಕಿನ ಬ್ರೂಕ್ಲಿನ್ ತಂಡದ ವಿವರಣೆಗಾರ ರೆಡ್ ಬಾರ್ಬರ್. ಮೊಟ್ಟೆ ಬೇಯಿಸುವವರು ಹೊತ್ತು ನೋಡಲು ಇಟ್ಟುಕೊಳ್ಳುವ, ಮೂರು ನಿಮಿಷಕ್ಕೆ ಮರಳು ಸೋರುವ ಗಾಜಿನ ಭರಣಿಯೊಂದು ಸದಾ ಅವರ ಮುಂದಿರುತ್ತಿತ್ತು. ಮರಳು ಇಳಿದೊಡನೆ ಆಟದ ಸ್ಥಿತಿ ಇಷ್ಟೆಂದು ಹೇಳಿ ಭರಣಿಯನ್ನು ತಿರುವಿಡುವರು. ಏತಕ್ಕೆಂದರೆ, ಕೇಳುಗರೆಲ್ಲ ಮೊದಲಿನಿಂದ ಕುಳಿತವರಲ್ಲ. ಒಬ್ಬಳು ಮಗುವನ್ನು ಮಲಗಿಸಿ ಬಂದಿರುತ್ತಾಳೆ. ಒಬ್ಬನು ಅದೇ ತಾನೇ ಕೆಲಸ ಮುಗಿಸಿ ಬಂದಿರುತ್ತಾನೆ. ತಡವಾಗಿ ಬಂದವನನ್ನು ಬಾಗಿಲಲ್ಲಿ ನಿಲ್ಲಿಸದೆ ಒಳಕ್ಕೆ ಕರೆದು ಮಣೆ ಹಾಕುವ ಸೌಜನ್ಯ ಅದು. ಭೀಷ್ಮರ ಪತನವನ್ನು ಮೊದಲು ಹೇಳಿದ ಸಂಜಯನಿಗೂ ಈ ಮರ್ಮ ತಿಳಿದಿತ್ತು. ಅಂಕಗಳನ್ನು ಮುಚ್ಚಿಟ್ಟುಕೊಂಡು ಕುತೂಹಲ ಹುಟ್ಟಿಸುವವನು ಕೇಳುಗನನ್ನು ಆಡಿಸುತ್ತಾನೆ. ಹೇಳಿಬಿಟ್ಟು ಕುತೂಹಲ ಉಳಿಸುವವನೇ ಬಲ್ಲವನು.

ಬಾರ್ಬರರ ಗರಡಿಯಲ್ಲಿ ೧೯೫೦ರಲ್ಲಿ ಸೇರಿದ ಇಪ್ಪತ್ತೆರಡರ ತರುಣ ವಿನ್ ಸ್ಕಲ್ಲಿ. ೨೦೧೬ರವರೆಗೆ, ಅರುವತ್ತೇಳು ವರ್ಷಗಳ ಕಾಲ, ಡಾಡ್ಜರ್ಸ್ ಎಂಬ ಒಂದೇ ತಂಡದ ಕಂಠವಾಗಿ ಉಳಿದವರು. ಬಾಲ್ಯದಲ್ಲಿ ಅವರ ಮನೆಯಲ್ಲಿ ನಾಲ್ಕು ಕಾಲಿನ ದೊಡ್ಡ ರೇಡಿಯೊ ಪೆಟ್ಟಿಗೆಯಿತ್ತು. ಹುಡುಗನು ದಿಂಬು ಹಿಡಿದು ಅದರ ಕೆಳಗೆ ನುಸುಳಿ ಮಲಗುತ್ತಿದ್ದನು. ಆಟದ ಗತಿ ಅವನಿಗೆ ಮುಖ್ಯವಾಗಿರಲಿಲ್ಲ. ಜನಸಮೂಹದ ಆರ್ಭಟ ನೆತ್ತಿಯ ಮೇಲೆ ಮಳೆಯಂತೆ ಸುರಿಯುವುದು ಅವನಿಗೆ ಇಷ್ಟ. ತಾನೇ ವಿವರಣೆಗಾರನಾದ ಮೇಲೂ ಆ ಮಳೆಯನ್ನು ಅವರು ಮರೆಯಲಿಲ್ಲ. ದೊಡ್ಡ ಘಟನೆ ನಡೆದಾಗ ಒಂದು ಮಾತಿನಲ್ಲಿ ಅದನ್ನು ಹೇಳಿ, ತಾವು ಸುಮ್ಮನಾಗಿ, ಜನರ ದನಿಗೆ ಎಡೆ ಬಿಡುತ್ತಿದ್ದರು.

೧೯೫೮ರಲ್ಲಿ ತಂಡವು ಲಾಸ್ ಏಂಜಲೀಸಿಗೆ ಬಂದಾಗ ಆಡಲು ಸಿಕ್ಕಿದ್ದು ಬೇರೆ ಆಟಗಳಿಗೆ ಕಟ್ಟಿದ ಭಾರಿ ಕ್ರೀಡಾಂಗಣ. ಹಿಂದಿನ ಸಾಲುಗಳವರಿಗೆ ಆಟಗಾರರು ಇರುವೆಗಳಂತೆ ಕಾಣುತ್ತಿದ್ದರು. ಜನ ಕೈಯಲ್ಲಿ ಟ್ರಾನ್ಸಿಸ್ಟರ್ ಹಿಡಿದು ಬರತೊಡಗಿದರು. ಮೈದಾನದಲ್ಲಿಯೇ ಕುಳಿತು, ಮೈದಾನದಲ್ಲಿ ನಡೆದುದನ್ನು ಸ್ಕಲ್ಲಿಯಿಂದ ಕೇಳಿದ ಮೇಲೆಯೇ ಅವರಿಗೆ ನಂಬಿಕೆ. ಒಮ್ಮೆ ತೀರ್ಪುಗಾರರೊಬ್ಬರ ಹುಟ್ಟುಹಬ್ಬವೆಂದು ತಿಳಿದು, ಎಲ್ಲರೂ ಒಟ್ಟಾಗಿ ಶುಭಾಶಯ ಕೂಗಿರೆಂದು ಬಾನುಲಿಯಲ್ಲಿ ಸೂಚಿಸಿದರಂತೆ. ಕ್ರೀಡಾಂಗಣವೇ ಒಂದು ಕಂಠವಾಗಿ ಕೂಗಿತಂತೆ. ಹೋರಿ ಹಬ್ಬದ ಧೂಳಿನಲ್ಲಿ ವೇದಿಕೆಯ ಕೂಗಿಗೆ ಕಿವಿಗೊಡುವ ಮುದುಕರಿಗೂ ಈ ಜನರಿಗೂ ಅಂತರವೇನು?

೧೯೬೫ರ ಸೆಪ್ಟೆಂಬರ್ ೯ರ ರಾತ್ರಿ ಡಾಡ್ಜರ್ಸ್ ತಂಡದ ಸ್ಯಾಂಡಿ ಕೋಫ್ಯಾಕ್ಸ್ ಎದುರಾಳಿಗಳ ಇಪ್ಪತ್ತೇಳು ದಾಂಡಿಗರಲ್ಲಿ ಒಬ್ಬನನ್ನೂ ಮೊದಲ ನೆಲೆ ಮುಟ್ಟಗೊಡದೆ ಔಟ್ ಮಾಡಿದರು. ಅಪೂರ್ವವಾದ ಸಾಧನೆ. ಕಡೆಯ ಸರದಿಯಲ್ಲಿ ಸ್ಕಲ್ಲಿ ಮತ್ತೆ ಮತ್ತೆ ಗಡಿಯಾರದ ಹೊತ್ತನ್ನು ಹೇಳಿದರು, ದಿನಾಂಕವನ್ನೂ ಹೇಳಿದರು. ಆ ಧ್ವನಿಮುದ್ರಣವು ಕೋಫ್ಯಾಕ್ಸ್ ಅವರ ಬಾಳಿಗೆ ಉಳಿಯುವ ನೆನಪಾಗಲೆಂಬುದು ಅವರ ಉದ್ದೇಶ. ಮಗು ಹುಟ್ಟಿದ ಗಳಿಗೆಯನ್ನು ಪಂಚಾಂಗದ ಅಂಚಿನಲ್ಲಿ ಬರೆದಿಡುವ ಹಿರಿಯನ ಪ್ರೀತಿ ಅದರಲ್ಲಿದೆ.

ಆದರೆ ಸ್ಕಲ್ಲಿಯ ನಿಜವಾದ ಒರೆಗಲ್ಲು ೧೯೭೪ರ ಏಪ್ರಿಲ್ ೮. ಆ ದಿನ ಅಟ್ಲಾಂಟಾ ನಗರದಲ್ಲಿ ಎದುರು ತಂಡದ ಹೆನ್ರಿ ಏರನ್ ತಮ್ಮ ೭೧೫ನೆಯ ‘ಹೋಮ್ ರನ್’ ಹೊಡೆದು ಬೇಬ್ ರೂತ್ ಎಂಬ ಐತಿಹಾಸಿಕ ಪುರುಷನ ೭೧೪ರ ದಾಖಲೆಯನ್ನು ಮೀರಿದರು. ಏರನ್ ಕರಿಯರು. ಬಿಳಿಯನ ದಾಖಲೆಯನ್ನು ಮುರಿಯಬಾರದೆಂದು ಅವರಿಗೆ ಕೊಲೆಬೆದರಿಕೆಯ ಪತ್ರಗಳು ಬಂದಿದ್ದವು. ಚೆಂಡನ್ನು ಎಸೆದಿದ್ದವನು ಡಾಡ್ಜರ್ಸ್ ತಂಡದವನೇ. ಪೆಟ್ಟು ಬಿದ್ದದ್ದು ಸ್ಕಲ್ಲಿಗೆ ಸಂಬಳ ಕೊಡುವ ತಂಡಕ್ಕೆ. ಸ್ಕಲ್ಲಿ ಸಂಗತಿಯನ್ನು ಹೇಳಿ ಮಾತು ನಿಲ್ಲಿಸಿದರು. ಬಹಳ ಹೊತ್ತು ಬಾನುಲಿಯಲ್ಲಿ ಕೇಳಿದ್ದು ಜನರ ಹರ್ಷಧ್ವನಿ ಮತ್ತು ಬಾಣಬಿರುಸು ಮಾತ್ರ. ಅನಂತರ ಅವರು ಬಾಯಿ ತೆರೆದು, ದೇಶದ ದಕ್ಷಿಣ ಭಾಗದಲ್ಲಿ ಕರಿಯನೊಬ್ಬನಿಗೆ ಜನರೆಲ್ಲ ಎದ್ದು ನಿಂತು ಗೌರವ ತೋರುತ್ತಿರುವುದು ಎಂತಹ ವಿಸ್ಮಯವೆಂದು ನುಡಿದರು. ಆಟದ ಲೆಕ್ಕ ಮರೆತವರಿಗೂ ಆ ಮಾತು ನೆನಪಿದೆ. ಮೌನದಲ್ಲಿ ಅವರು ಹುಡುಕುತ್ತಿದ್ದುದು ಅಲಂಕಾರವನ್ನಲ್ಲ, ಅಲ್ಲಿ ನಿಜವಾಗಿ ಏನು ನಡೆಯಿತೆಂಬುದನ್ನು.

ಅದೇ ತಂಡಕ್ಕೆ ಸ್ಪ್ಯಾನಿಷ್ ಭಾಷೆಯ ಕಂಠವೊಂದಿತ್ತು. ಈಕ್ವೆಡಾರ್ ದೇಶದಲ್ಲಿ ಹುಟ್ಟಿದ ಹೈಮೆ ಹರೀನ್ ಅಮೆರಿಕಕ್ಕೆ ಬರುವವರೆಗೂ ಬೇಸ್‌ಬಾಲ್ ನೋಡಿದವರೇ ಅಲ್ಲ. ಹೊಸದಾಗಿ ಕಲಿತು ೧೯೫೯ರಿಂದ ೨೦೨೨ರವರೆಗೆ ತಮ್ಮ ಜನರಿಗೆ ತಮ್ಮ ಭಾಷೆಯಲ್ಲಿ ಆ ಆಟವನ್ನು ಹೇಳಿದರು. ಹೊಟ್ಟೆಪಾಡಿಗೆ ವಲಸೆ ಬಂದ ಸಂಸಾರಗಳಿಗೆ ಆ ಊರು ತಮ್ಮದೂ ಹೌದೆಂಬ ಭಾವ ಬಂದುದರಲ್ಲಿ ಆ ಕಂಠದ ಪಾಲು ಸಣ್ಣದಲ್ಲ.

ಕನ್ನಡಕ್ಕೆ ಈ ಮಾತು ಹತ್ತಿರದ್ದು. ೨೦೧೮ರಲ್ಲಿ ಐ.ಪಿ.ಎಲ್. ಕ್ರಿಕೆಟ್ ಪಂದ್ಯಗಳಿಗೆ ಕಿರುತೆರೆಯಲ್ಲಿ ಕನ್ನಡ ವಿವರಣೆ ದೊರೆಯಿತು. ಭಾರತದ ಪರ ಆಡಿದ ವಿಜಯ್ ಭಾರದ್ವಾಜರಂತಹವರು ಕನ್ನಡದ ಧ್ವನಿವರ್ಧಕ ಹಿಡಿದಿದ್ದಾರೆ. ಉಪಸಂಜಯನ ನೆರವಿಲ್ಲದೆ ಅಡುಗೆಮನೆಯ ಹೆಂಗಸರೂ ಆಟ ಕೇಳುವಂತಾಯಿತು. ಮಾತಿನ ಬಂಡವಾಳಕ್ಕೇನೂ ಕೊರತೆಯಿಲ್ಲ. ಚಿಣ್ಣಿದಾಂಡಿನ ನಾಡಿಗೆ ದಾಂಡಿಗನೆಂಬ ಪದ ಹೊರಗಿನಿಂದ ಬರಬೇಕಾಗಿರಲಿಲ್ಲ; ಎಸೆತ, ಓಟ, ಹುದ್ದರಿ ಎಂಬವು ಪತ್ರಿಕೆಗಳಲ್ಲಿ ಎಂದೋ ಬೇರೂರಿವೆ. ಇಂಗ್ಲಿಷ್ ವಾಕ್ಯವನ್ನು ಮನದಲ್ಲಿ ಕಟ್ಟಿಕೊಂಡು ಕನ್ನಡದ ಅಂಗಿ ತೊಡಿಸುವುದೇ ಆತಂಕದ ಸಂಗತಿ. ಹೋರಿ ಹಬ್ಬದ ವೇದಿಕೆಯ ಮೇಲೆ ನಿಂತವನಿಗೆ ಆ ತೊಡಕಿಲ್ಲ. ಅವನು ಕನ್ನಡದಲ್ಲಿ ನೋಡಿ ಕನ್ನಡದಲ್ಲಿ ಹೇಳುತ್ತಾನೆ.

ಇಬ್ಬರು ಮೂವರು ಕೂಡಿ ವಿವರಿಸುವುದು ಇಂದಿನ ರೂಢಿ. ಅದಕ್ಕೂ ಈ ನೆಲದಲ್ಲಿ ಮಾದರಿ ಇದೆ. ಗಮಕದಲ್ಲಿ ವಾಚನ ಮಾಡುವವರು ಒಬ್ಬರು, ವ್ಯಾಖ್ಯಾನ ಹೇಳುವವರು ಇನ್ನೊಬ್ಬರು. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ ೨೦೨೨ರಲ್ಲಿ ಪದ್ಮಶ್ರೀ ಬಂದಿತು. ಅಂತಹವರ ವಾಚನ ಕೇಳಿದವರು ಬಲ್ಲರು: ವಾಚನ ನಡೆದಾಗ ವ್ಯಾಖ್ಯಾನಕಾರ ಮೌನಿ, ವ್ಯಾಖ್ಯಾನದ ಹೊತ್ತಿನಲ್ಲಿ ಗಮಕಿ ಮೌನಿ. ಇಬ್ಬರ ಮುಖವೂ ಸಭೆಯ ಕಡೆಗೆ. ಪರಸ್ಪರ ಹರಟೆ ಹೊಡೆದು ತಾವೇ ನಕ್ಕರೆ ಸಭೆಗೆ ಉಳಿಯುವುದೇನು? ಸ್ಕಲ್ಲಿ ಬಹುಮಟ್ಟಿಗೆ ಒಬ್ಬರೇ ಕುಳಿತು ಹೇಳಿದುದರ ಕಾರಣವೂ ಇದೇ. ಪಕ್ಕದವನೊಡನೆ ಮಾತನಾಡದೆ ಕೇಳುಗನೊಡನೆ ಮಾತನಾಡಬೇಕೆಂಬುದು ಅವರ ನಿಲುವು.

ಎಲ್ಲರ ಅಂಗೈಯಲ್ಲಿಯೂ ಪರದೆ ಇರುವ ಈ ಕಾಲದಲ್ಲಿ ಹೇಳುವವನು ಏಕೆ ಬೇಕೆಂದು ಕೇಳಬಹುದು. ಹೋರಿಯ ಓಟವೂ ಅರೆಗಳಿಗೆಯಲ್ಲಿ ಸಾವಿರಾರು ಮೊಬೈಲುಗಳಿಗೆ ಹಾರುತ್ತದೆ. ಆದರೆ ಲಾಸ್ ಏಂಜಲೀಸಿನ ಜನರ ಮುಂದೆಯೂ ಮೈದಾನ ಇತ್ತಲ್ಲವೆ? ಕಣ್ಣಿಗೆ ಕಾಣುವುದಕ್ಕೂ ಅದರ ಅರ್ಥ ತಿಳಿಯುವುದಕ್ಕೂ ನಡುವೆ ಒಂದು ಓಣಿಯಷ್ಟು ದೂರ ಉಳಿದೇ ಇರುತ್ತದೆ. ಇಂದಿನ ವಿವರಣೆಗಾರನಿಗೆ ಒತ್ತಡಗಳೂ ಹೆಚ್ಚು: ಜಾಹೀರಾತುಗಾರನ ಹೆಸರು ಹೇಳಬೇಕು, ಅಭಿಮಾನಿಗಳನ್ನು ಕೆರಳಿಸಬೇಕು, ಸಾಮಾನ್ಯ ಹೊಡೆತವನ್ನೂ ಅದ್ಭುತವೆನ್ನಬೇಕು. ಎಲ್ಲವನ್ನೂ ಅದ್ಭುತವೆಂದವನ ಬಳಿ, ಅದ್ಭುತ ನಡೆದ ದಿನ ಹೇಳಲು ಪದ ಉಳಿದಿರುವುದಿಲ್ಲ.

೨೦೨೨ರ ಆಗಸ್ಟಿನಲ್ಲಿ ಸ್ಕಲ್ಲಿ ತೊಂಬತ್ತನಾಲ್ಕರ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ ಹರೀನ್ ನಿವೃತ್ತರಾದರು. ಅದೇ ವರ್ಷದ ಡಿಸೆಂಬರಿನಲ್ಲಿ ಹೊಸಹಳ್ಳಿಯ ಕೇಶವಮೂರ್ತಿಯವರೂ ಅಗಲಿದರು. ಬೇರೆ ಬೇರೆ ನೆಲ, ಬೇರೆ ಬೇರೆ ಭಾಷೆ. ಕೇಳುವವನ ಮೇಲಿನ ಗೌರವ ಮಾತ್ರ ಒಂದೇ. ಅಡಿಕೆ ತೋಟಕ್ಕೆ ನೀರು ಹಾಯಿಸುತ್ತ, ಸೊಂಟಕ್ಕೆ ಸಿಕ್ಕಿಸಿದ ರೇಡಿಯೊಗೆ ಕಿವಿಕೊಟ್ಟ ರೈತನಿಗೆ, ಕಣ್ಣು ಮಂಜಾದ ಅಜ್ಜನಿಗೆ, ಒಲೆಯ ಮುಂದಿನಿಂದ ಏಳಲಾಗದ ತಾಯಿಗೆ, ಮೈದಾನದಲ್ಲಿ ತನ್ನ ಪರವಾಗಿ ಒಬ್ಬ ಪ್ರಾಮಾಣಿಕ ಮನುಷ್ಯ ಕುಳಿತಿದ್ದಾನೆಂಬ ನೆಮ್ಮದಿ ಬೇಕು. ಆ ನೆಮ್ಮದಿಯನ್ನು ಕೊಟ್ಟವನೇ ದೊಡ್ಡ ವಿವರಣೆಗಾರ. ಉಳಿದವರದು ಬರಿಯ ದೊಡ್ಡ ಗಂಟಲು.